ಬೆಂಗಳೂರಿನಲ್ಲಿ ಕೂತು ಟೂರ್ ದ ಫ್ರಾನ್ಸ್ ನೋಡುವುದು ಹೇಗೆ: ಮೂರು ವಾರದ ಸ್ಟೇಜ್ ರೇಸಿಗೆ ಸಮಗ್ರ ಮಾರ್ಗದರ್ಶಿ

ದಿನಕ್ಕೊಂದು ಸ್ಟೇಜಿನಂತೆ, ಅಂದರೆ ಒಂದೊಂದು ತುಂಡು ದಾರಿಯಂತೆ, ಹಲವು ದಿನ ಸಾಗುವ ಸೈಕಲ್ ರೇಸಿಗೆ ಸ್ಟೇಜ್ ರೇಸ್ ಎನ್ನುತ್ತಾರೆ. ಇದನ್ನು ಮೊದಲ ಸಲ ನೋಡಲು ಕೂತವರಲ್ಲಿ ಹೆಚ್ಚಿನವರು ಮೂರ್ನಾಲ್ಕು ದಿನಕ್ಕೇ ಕೈಬಿಡುತ್ತಾರೆ. ಗಂಟೆಗಟ್ಟಲೆ ಸೈಕಲ್ ಸಾಲು ಹೋಗುತ್ತಲೇ ಇರುತ್ತದೆ, ಕೊನೆಯಲ್ಲಿ ಯಾರೋ ಗೆಲ್ಲುತ್ತಾರೆ, ನಾಯಕನ ಹಳದಿ ಜೆರ್ಸಿ ನೋಡಿದರೆ ಮೂವತ್ತನೆಯವನಾಗಿ ಬಂದವನ ಮೈಮೇಲೆ ಇರುತ್ತದೆ. ತಲೆಬುಡ ತಿಳಿಯುವುದಿಲ್ಲ. ಒಂದೇ ರೇಸ್ ನಡೆಯುತ್ತಿದೆ ಎಂದುಕೊಂಡು ನೋಡುವುದೇ ಇದಕ್ಕೆ ಕಾರಣ. ರಸ್ತೆಯ ಮೇಲೆ ಏಕಕಾಲಕ್ಕೆ ನಾಲ್ಕೈದು ರೇಸ್ ನಡೆಯುತ್ತಿರುತ್ತವೆ. ಒಬ್ಬನಿಗೆ ಇವತ್ತಿನ ಗೆಲುವು ಬೇಕು, ಇನ್ನೊಬ್ಬನಿಗೆ ಒಟ್ಟು ಸಮಯದಲ್ಲಿ ಹತ್ತು ಸೆಕೆಂಡ್ ಬೇಕು, ಮತ್ತೊಬ್ಬನಿಗೆ ಬೆಟ್ಟದ ನೆತ್ತಿಯ ಪಾಯಿಂಟ್ ಬೇಕು, ಕೊನೆಯ ಗುಂಪಿನವರಿಗೆ ಗಡುವು ಮೀರುವುದರೊಳಗೆ ಊರು ಸೇರಿದರೆ ಸಾಕು.

ಆದ್ದರಿಂದ ಪ್ರತಿದಿನ ಪರದೆ ಹಚ್ಚುವ ಮುಂಚೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಇವತ್ತು ಯಾರಿಗೆ ಏನು ಬೇಕು? ಇದಕ್ಕೆ ಉತ್ತರ ಹುಡುಕಲು ಬಂದರೆ ಇಡೀ ದಿನ ಏನೂ ನಡೆಯದಂತೆ ಕಾಣುವ ಸ್ಟೇಜ್ ಕೂಡ ಅರ್ಥವಾಗುತ್ತದೆ. ಕೆಳಗಿನ ಹಂತಗಳೆಲ್ಲ ಆ ಉತ್ತರ ಹುಡುಕುವುದಕ್ಕಾಗಿಯೇ ಇವೆ. ಉದಾಹರಣೆಗಳು ಹೆಚ್ಚಾಗಿ ಟೂರ್ ದ ಫ್ರಾನ್ಸ್‌ನವು. ಇಟಲಿಯ ಜೀರೊ, ಸ್ಪೇನಿನ ವುಯೆಲ್ಟಾಗಳಿಗೂ ಇದೇ ಕ್ರಮ ಹೊಂದುತ್ತದೆ.

ಹಂತ 1: ಕ್ಯಾಲೆಂಡರ್ ಮತ್ತು ಗಡಿಯಾರ

ಮೂರು ದೊಡ್ಡ ರೇಸ್‌ಗಳಿವೆ. ಜೀರೊ ದಿತಾಲಿಯಾ ಮೇ ತಿಂಗಳಲ್ಲಿ, ಟೂರ್ ದ ಫ್ರಾನ್ಸ್ ಜುಲೈನಲ್ಲಿ, ವುಯೆಲ್ಟಾ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ಪ್ರತಿಯೊಂದರಲ್ಲೂ 21 ಸ್ಟೇಜ್, ನಡುವೆ ಸಾಮಾನ್ಯವಾಗಿ ಎರಡು ವಿಶ್ರಾಂತಿ ದಿನ, ಒಟ್ಟು ಸುಮಾರು 3,300 ಕಿ.ಮೀ. ಆಸುಪಾಸು. ಮಹಿಳೆಯರ ಟೂರ್ ದ ಫ್ರಾನ್ಸ್ ಫಾಮ್ 2022ರಿಂದ ನಡೆಯುತ್ತಿದೆ, 2025ರಲ್ಲಿ ಅದು ಒಂಬತ್ತು ಸ್ಟೇಜ್‌ಗಳದ್ದಾಗಿತ್ತು. ಹೊಸಬರಿಗೆ ನಮ್ಮ ಸಲಹೆ ಅದರಿಂದಲೇ ಶುರುಮಾಡಿ ಎಂಬುದು. ಒಂದು ವಾರದ ಆಸುಪಾಸಿನಲ್ಲಿ ಸಮತಟ್ಟು, ದಿಬ್ಬ, ಬೆಟ್ಟ ಎಲ್ಲವೂ ಬಂದುಹೋಗುತ್ತವೆ, ಕಲಿಕೆ ಬೇಗ ಆಗುತ್ತದೆ.

ಸಮಯದ ವಿಷಯದಲ್ಲಿ ಬೆಂಗಳೂರಿನವರು ಪುಣ್ಯವಂತರು. ಅಲ್ಲಿನ ಬೇಸಿಗೆಯಲ್ಲಿ ಫ್ರಾನ್ಸ್, ಇಟಲಿ, ಸ್ಪೇನ್ ಮೂರೂ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಮಧ್ಯಾಹ್ನ ಒಂದಕ್ಕೆ ಹೊರಟರೆ ನಮಗೆ ಸಂಜೆ ನಾಲ್ಕೂವರೆ, ಅಲ್ಲಿ ಸಂಜೆ ಐದೂವರೆಗೆ ಮುಗಿದರೆ ನಮಗೆ ರಾತ್ರಿ ಒಂಬತ್ತು. ಅಂದರೆ ಔಟರ್ ರಿಂಗ್ ರೋಡಿನ ಟ್ರಾಫಿಕ್ ದಾಟಿ ಏಳೂವರೆಗೆ ಮನೆ ಸೇರಿದರೂ ರೇಸಿನ ತಿರುಳು ಕೈತಪ್ಪುವುದಿಲ್ಲ. ಪ್ಯಾರಿಸ್‌ನ ಕೊನೆಯ ಸ್ಟೇಜ್ ಮಾತ್ರ ಸಂಜೆ ತಡವಾಗಿ ಮುಗಿಯುವುದರಿಂದ ನಮಗೆ ರಾತ್ರಿ ಹನ್ನೊಂದರ ಸುಮಾರಿಗೆ ಹೋಗುತ್ತದೆ. ಜನವರಿಯಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ಸುತ್ತ ನಡೆಯುವ ಟೂರ್ ಡೌನ್ ಅಂಡರ್‌ಗೆ ಲೆಕ್ಕ ತಿರುವು ಮುರುವು, ಅವರು ನಮಗಿಂತ ಐದು ಗಂಟೆ ಮುಂದೆ.

ಟೂರ್‌ನ ಅಧಿಕೃತ ಜಾಲತಾಣದಲ್ಲಿ ಪ್ರತಿ ಸ್ಟೇಜಿಗೂ ವೇಳಾಪಟ್ಟಿ ಇರುತ್ತದೆ. ದಾರಿಯ ಪ್ರತಿ ಊರಿನ, ಪ್ರತಿ ಬೆಟ್ಟದ ಎದುರು ಮೂರು ಸಮಯ ಕೊಟ್ಟಿರುತ್ತಾರೆ. ನಿಧಾನ, ಮಧ್ಯಮ, ವೇಗ ಎಂಬ ಮೂರು ಸರಾಸರಿ ವೇಗಗಳಿಗೆ ಹಾಕಿದ ಅಂದಾಜು ಅದು. ಮಧ್ಯದ ಕಾಲಂ ತೆಗೆದುಕೊಂಡು ಮೂರೂವರೆ ಗಂಟೆ ಕೂಡಿಸಿ ಗುರುತು ಹಾಕಿಕೊಳ್ಳಿ. ಇತ್ತೀಚಿನ ವರ್ಷಗಳಲ್ಲಿ ಎಷ್ಟೋ ಸ್ಟೇಜ್‌ಗಳು ವೇಗದ ಕಾಲಮ್ಮಿಗಿಂತಲೂ ಮುಂಚೆ ಮುಗಿದಿವೆ. ಹಿಂಗಾಳಿ ಇದ್ದ ದಿನ ಹದಿನೈದು ಇಪ್ಪತ್ತು ನಿಮಿಷ ಮೊದಲೇ ಕೂರುವುದು ಒಳ್ಳೆಯದು. ಇನ್ನೊಂದು ಗೊಂದಲವಿದೆ. ಊರೊಳಗೆ ಬಾವುಟ ಬೀಸುವುದು ನಿಜವಾದ ಆರಂಭವಲ್ಲ. ಸವಾರರು ಡೈರೆಕ್ಟರ್ ಕಾರಿನ ಹಿಂದೆ ಕೆಲವು ಕಿಲೋಮೀಟರ್ ನಿಧಾನವಾಗಿ ಹೋಗಿ, ಊರಾಚೆ ಕಿಲೋಮೀಟರ್ ಸೊನ್ನೆಯ ಹತ್ತಿರ ರೇಸ್ ಶುರುಮಾಡುತ್ತಾರೆ. ಪರದೆಯ ಮೇಲಿನ ದೂರದ ಲೆಕ್ಕವೂ ಅಲ್ಲಿಂದಲೇ.

ಹಂತ 2: ರೇಸಿಗೆ ಮುಂಚಿನ ವಾರ

ಮೊದಲು ಪ್ರಸಾರ. ಭಾರತದಲ್ಲಿ ಇದರ ಹಕ್ಕು ಕೈ ಬದಲಾಯಿಸುತ್ತಿರುತ್ತದೆ. ಹೋದ ವರ್ಷ ನೋಡಿದ ಆ್ಯಪಿಗೇ ಕಣ್ಣುಮುಚ್ಚಿಕೊಂಡು ವರ್ಷದ ಚಂದಾ ಕಟ್ಟಬೇಡಿ. ರೇಸಿನ ಅಧಿಕೃತ ಜಾಲತಾಣದಲ್ಲಿ ದೇಶವಾರು ಪ್ರಸಾರಕರ ಪಟ್ಟಿ ಹಾಕುತ್ತಾರೆ, ಆ ವಾರದಲ್ಲಿ ಅದನ್ನು ನೋಡಿ ತೀರ್ಮಾನಿಸಿ. ಇಡೀ ರೇಸ್ 23 ದಿನದ್ದಾದ್ದರಿಂದ ಒಂದು ತಿಂಗಳ ಚಂದಾ ಸಾಕಾಗುತ್ತದೆ. ಮೊದಲ ಸ್ಟೇಜಿನ ದಿನವೇ ಕಟ್ಟಿದರೆ ಕೊನೆಯ ಭಾನುವಾರದವರೆಗೂ ಬರುತ್ತದೆ, ವಾರ ಮೊದಲೇ ಕಟ್ಟಿದರೆ ಪ್ಯಾರಿಸ್ ಕೈತಪ್ಪಬಹುದು. ಮೊಬೈಲ್ ಡೇಟಾದಲ್ಲಿ ನೋಡುವವರು ಗಮನಿಸಿ: ಎಚ್‌ಡಿ ಗುಣಮಟ್ಟಕ್ಕೆ ಗಂಟೆಗೆ ಸುಮಾರು 2ರಿಂದ 3 ಜಿಬಿ ಬೇಕು. ದಿನಕ್ಕೆ ಒಂದೂವರೆ ಜಿಬಿ ಪ್ಲಾನ್ ಇದ್ದರೆ ಕೊನೆಯ ಏರಿನ ನಡುವೆಯೇ ಚಿತ್ರ ನಿಂತುಹೋಗುತ್ತದೆ. ಮನೆಯ ವೈಫೈ ಇದ್ದರೂ ಜುಲೈ ಮಳೆಗೆ ಕರೆಂಟ್ ಹೋಗುವುದುಂಟು, ರೂಟರಿಗೆ ಒಂದು ಚಿಕ್ಕ ಯುಪಿಎಸ್ ಇಟ್ಟುಕೊಳ್ಳಿ.

ಆಮೇಲೆ ಸ್ಟಾರ್ಟ್ ಲಿಸ್ಟ್. ಪ್ರೊಸೈಕ್ಲಿಂಗ್‌ಸ್ಟ್ಯಾಟ್ಸ್ ಎಂಬ ಜಾಲತಾಣದಲ್ಲಿ ಪೂರ್ತಿ ಪಟ್ಟಿ ಸಿಗುತ್ತದೆ. ಪ್ರತಿ ತಂಡದಲ್ಲಿ ಎಂಟು ಸವಾರರು. 2025ರ ಟೂರ್‌ನಲ್ಲಿ 23 ತಂಡಗಳಿದ್ದವು, ಅಂದರೆ 184 ಮಂದಿ. ಇಷ್ಟು ಹೆಸರು ಯಾರಿಗೂ ನೆನಪಿರುವುದಿಲ್ಲ, ಬೇಕಾಗಿಯೂ ಇಲ್ಲ. ಬೆನ್ನಿನ ನಂಬರ್ ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು. ಒಂದು ತಂಡಕ್ಕೆ 1ರಿಂದ 8, ಮುಂದಿನದಕ್ಕೆ 11ರಿಂದ 18, ಆಮೇಲೆ 21ರಿಂದ 28, ಹೀಗೆ ಸಾಗುತ್ತದೆ. ಹಿಂದಿನ ವರ್ಷದ ವಿಜೇತ ಮತ್ತೆ ಬಂದಿದ್ದರೆ ನಂಬರ್ 1 ಅವನದು. ಉಳಿದ ತಂಡಗಳಲ್ಲೂ 1ರಿಂದ ಕೊನೆಗೊಳ್ಳುವ ನಂಬರ್ ಸಾಮಾನ್ಯವಾಗಿ ನಾಯಕನಿಗೆ. ಹೆಲಿಕಾಪ್ಟರ್ ಚಿತ್ರದಲ್ಲಿ 31 ಅಥವಾ 71 ಹಿಂದೆ ಉಳಿದದ್ದು ಕಂಡರೆ ಆ ತಂಡಕ್ಕೆ ದೊಡ್ಡ ಪೆಟ್ಟು ಬಿದ್ದಿದೆ ಎಂದೇ ಅರ್ಥ.

ಒಂದು ನೋಟ್‌ಬುಕ್ ಇಡಿ, ಮೊಬೈಲ್ ಅಲ್ಲ. ಎಡಪುಟದಲ್ಲಿ ಒಟ್ಟು ಸಮಯದ ಮೊದಲ ಹತ್ತು ಜನ, ಅವರ ತಂಡ, ನಾಯಕನಿಂದ ಎಷ್ಟು ಹಿಂದೆ ಎಂಬುದು ಇರಲಿ. ಬಲಪುಟದಲ್ಲಿ ಇವತ್ತಿನ ಸ್ಟೇಜಿನ ದೂರ, ಬೆಟ್ಟಗಳು, ಬೋನಸ್ ಸೆಕೆಂಡ್ ಎಲ್ಲೆಲ್ಲಿ, ಗಾಳಿ ಯಾವ ಕಡೆಯಿಂದ. ಅದರ ಕೆಳಗೆ 'ಯಾರಿಗೆ ಏನು ಬೇಕು' ಎಂದು ಬರೆದು ನಾಲ್ಕು ಸಾಲು. ದಿನಕ್ಕೆ ಹತ್ತು ನಿಮಿಷದ ಕೆಲಸ. ಎರಡನೇ ವಾರದ ಹೊತ್ತಿಗೆ ಕಾಮೆಂಟರಿಯವರಿಗಿಂತ ಮುಂಚೆಯೇ ನಿಮಗೆ ದಾಳಿಯ (ಗುಂಪು ಬಿಟ್ಟು ಒಮ್ಮೆಲೇ ಮುನ್ನುಗ್ಗುವುದರ) ಸುಳಿವು ಸಿಗತೊಡಗುತ್ತದೆ.

ಹಂತ 3: ಸೆಕೆಂಡಿನ ಲೆಕ್ಕ

ಒಟ್ಟಾರೆ ಸ್ಪರ್ಧೆಯನ್ನು ಜಿಸಿ ಎನ್ನುತ್ತಾರೆ. ಪ್ರತಿದಿನ ತೆಗೆದುಕೊಂಡ ಸಮಯವನ್ನೆಲ್ಲ ಕೂಡಿಸಿದಾಗ ಯಾರದು ಕಡಿಮೆಯೋ ಅವನು ಮುಂದೆ, ಹಳದಿ ಜೆರ್ಸಿ ಅವನಿಗೆ. ಇಷ್ಟು ಸರಳ. ಆದರೆ ಆ ಸಮಯವನ್ನು ಅಳೆಯುವ ರೀತಿಯಲ್ಲಿ ನಾಲ್ಕು ನಿಯಮಗಳಿವೆ. ಅವು ಗೊತ್ತಿಲ್ಲದಿದ್ದರೆ ಪಟ್ಟಿ ನೋಡಿ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಮೊದಲನೆಯದು, ಒಂದೇ ಗುಂಪಿನಲ್ಲಿ ಬಂದವರಿಗೆಲ್ಲ ಒಂದೇ ಸಮಯ. ನೂರು ಜನರ ಗುಂಪಿನಲ್ಲಿ ಮೊದಲನೆಯವನಿಗೂ ನೂರನೆಯವನಿಗೂ ಅದೇ ಸಮಯ ಬರೆಯುತ್ತಾರೆ. ಗುಂಪು ಒಡೆದಿದೆ ಎನ್ನಲು ಮುಂದಿನ ತುಂಡಿನ ಕೊನೆಯವನಿಗೂ ಹಿಂದಿನ ತುಂಡಿನ ಮೊದಲನೆಯವನಿಗೂ ನಡುವೆ ಒಂದು ಸೆಕೆಂಡ್ ಅಂತರ ಬೇಕು. ಸ್ಪ್ರಿಂಟಿನಲ್ಲಿ, ಅಂದರೆ ಗೆರೆಯ ಹತ್ತಿರದ ವೇಗದ ಪೈಪೋಟಿಯಲ್ಲಿ, ಮುಗಿಯುವ ಸಮತಟ್ಟಿನ ಸ್ಟೇಜ್‌ಗಳಲ್ಲಿ ಸುರಕ್ಷತೆಗಾಗಿ ಅದನ್ನು ಮೂರು ಸೆಕೆಂಡಿಗೆ ಸಡಿಲಿಸುತ್ತಾರೆ. ಜಿಸಿ ನಾಯಕರು ಸ್ಪ್ರಿಂಟರ್‌ಗಳ ನಡುವೆ ನುಗ್ಗಿ ಬೀಳದಿರಲಿ ಎಂಬುದು ಉದ್ದೇಶ.

ಎರಡನೆಯದು ಬೋನಸ್. ಸಾಮಾನ್ಯ ರೋಡ್ ಸ್ಟೇಜಿನಲ್ಲಿ ಮೊದಲ ಮೂವರಿಗೆ 10, 6, 4 ಸೆಕೆಂಡ್ ಅವರ ಒಟ್ಟು ಸಮಯದಿಂದ ಕಳೆಯುತ್ತಾರೆ. ಒಬ್ಬ 14 ಸೆಕೆಂಡ್ ಹಿಂದಿದ್ದಾನೆ ಎಂದಿಟ್ಟುಕೊಳ್ಳಿ. ಅವನು ಸ್ಟೇಜ್ ಗೆದ್ದು ನಾಯಕ ಅವನ ಬೆನ್ನಿಗೇ ಎರಡನೆಯವನಾಗಿ ಬಂದರೆ 10ರಲ್ಲಿ 6 ಹೋಗಿ ನಾಲ್ಕೇ ಸೆಕೆಂಡ್ ಲಾಭ, ಅಂತರ 10ಕ್ಕೆ ಇಳಿಯುತ್ತದೆ. ನಾಯಕ ಅದೇ ಗುಂಪಿನಲ್ಲಿ ನಾಲ್ಕನೆಯವನಾದರೆ ಪೂರ್ತಿ ಹತ್ತೂ ಹೋಗಿ ಅಂತರ ನಾಲ್ಕಾಗುತ್ತದೆ. ಗೆಲ್ಲುವ ಆಸೆ ಕಾಣದ ನಾಯಕ ಕೂಡ ಎರಡನೇ ಸ್ಥಾನಕ್ಕೆ ಹಲ್ಲುಕಚ್ಚಿ ತುಳಿಯುವುದು ಇದಕ್ಕೇ. ಟೈಮ್ ಟ್ರಯಲ್‌ಗಳಲ್ಲಿ (ಸವಾರರು ಒಬ್ಬೊಬ್ಬರಾಗಿ ಹೊರಟು ಗಡಿಯಾರದ ವಿರುದ್ಧ ತುಳಿಯುವ ಸ್ಟೇಜ್) ಬೋನಸ್ ಇಲ್ಲ.

ಈ ಲೆಕ್ಕದ ಬೆಲೆ 2024ರ ಟೂರ್ ದ ಫ್ರಾನ್ಸ್ ಫಾಮ್‌ನಲ್ಲಿ ಕಂಡಿತು. ಕೊನೆಯ ಸ್ಟೇಜ್ ಆಲ್ಪ್ ದುಯೆಜ್ ಬೆಟ್ಟದ ಮೇಲೆ ಮುಗಿಯುವುದಿತ್ತು. ಪೋಲೆಂಡಿನ ಕಾಸಿಯಾ ನಿವಿಯಾದೋಮಾ ಹಳದಿಯಲ್ಲಿದ್ದರು, ನೆದರ್ಲೆಂಡ್ಸ್‌ನ ಡೆಮಿ ವೊಲ್ಲರಿಂಗ್ ಅವರಿಗಿಂತ 1 ನಿಮಿಷ 15 ಸೆಕೆಂಡ್ ಹಿಂದಿದ್ದರು. ವೊಲ್ಲರಿಂಗ್ ಸ್ಟೇಜ್ ಗೆದ್ದರು, ನಿವಿಯಾದೋಮಾ 1 ನಿಮಿಷ 1 ಸೆಕೆಂಡ್ ತಡವಾಗಿ ನಾಲ್ಕನೆಯವರಾಗಿ ಬಂದರು. 75 ಸೆಕೆಂಡಿನಲ್ಲಿ 61 ಹೋಯಿತು, ಬೋನಸ್ 10 ಹೋಯಿತು, ಉಳಿದದ್ದು ನಾಲ್ಕು. ಆ ನಾಲ್ಕು ಸೆಕೆಂಡಿನಲ್ಲಿ ನಿವಿಯಾದೋಮಾ ಟೂರ್ ಗೆದ್ದರು. ನೋಟ್‌ಬುಕ್ಕಿನಲ್ಲಿ 1:15 ಎಂದು ಬರೆದಿಟ್ಟುಕೊಂಡು ನೋಡಿದವರಿಗೆ ಆ ಕೊನೆಯ ನಿಮಿಷ ಎಂಥದಾಗಿತ್ತು, ಊಹಿಸಿ.

ಮೂರನೆಯದು ಕೊನೆಯ 3 ಕಿ.ಮೀ. ನಿಯಮ. ಅಷ್ಟರೊಳಗೆ ಬಿದ್ದವರಿಗೆ, ಪಂಕ್ಚರ್ ಆದವರಿಗೆ ಅವರು ಯಾವ ಗುಂಪಿನಲ್ಲಿದ್ದರೋ ಆ ಗುಂಪಿನ ಸಮಯವನ್ನೇ ಕೊಡುತ್ತಾರೆ. ಕೆಲವು ಸ್ಟೇಜ್‌ಗಳಲ್ಲಿ ಈ ಗಡಿಯನ್ನು 5 ಕಿ.ಮೀ.ಗೆ ವಿಸ್ತರಿಸುವುದೂ ಉಂಟು. ಬೆಟ್ಟದ ನೆತ್ತಿಯಲ್ಲಿ ಮುಗಿಯುವ ಸ್ಟೇಜಿಗೆ, ಟೈಮ್ ಟ್ರಯಲ್‌ಗೆ ಇದು ಅನ್ವಯಿಸದು.

ನಾಲ್ಕನೆಯದು ಗಡುವು. ವಿಜೇತನ ಸಮಯಕ್ಕೆ ಇಂತಿಷ್ಟು ಶೇಕಡಾ ಸೇರಿಸಿ ಗಡುವು ಹಾಕುತ್ತಾರೆ. ಆ ಶೇಕಡಾ ಸ್ಟೇಜ್ ಎಷ್ಟು ಕಠಿಣ, ವಿಜೇತ ಎಷ್ಟು ವೇಗವಾಗಿ ಬಂದ ಎಂಬುದರ ಮೇಲೆ ಬದಲಾಗುತ್ತದೆ. ವಿಜೇತ ನಾಲ್ಕು ಗಂಟೆ ತೆಗೆದುಕೊಂಡು ಶೇಕಡಾ 12 ನಿಗದಿಯಾಗಿದ್ದರೆ 28 ನಿಮಿಷ 48 ಸೆಕೆಂಡ್ ಒಳಗೆ ಬರಬೇಕು, ಇಲ್ಲದಿದ್ದರೆ ಮನೆಗೆ. ಬೆಟ್ಟದ ದಿನ ದೇಹತೂಕ ಹೆಚ್ಚಿರುವ ಸ್ಪ್ರಿಂಟರ್‌ಗಳು ಹಿಂದೆ ಒಂದು ಗುಂಪು ಕಟ್ಟಿಕೊಂಡು ಗಡಿಯಾರದ ಜೊತೆ ಹೋರಾಡುತ್ತಾರೆ. ಗ್ರುಪೆಟ್ಟೊ ಎಂಬ ಈ ಗುಂಪನ್ನು ಪ್ರಸಾರದವರು ತೋರಿಸುವುದು ಕಡಿಮೆ. ಸಿಕ್ಕಾಗ ತಪ್ಪದೆ ನೋಡಿ, ಈ ಆಟದ ಘನತೆ ಅಲ್ಲಿದೆ.

ಹಂತ 4: ಪ್ರೊಫೈಲ್ ಓದುವುದು

ಸ್ಟೇಜಿನ ಏರಿಳಿತದ ಚಿತ್ರವನ್ನು ಪ್ರೊಫೈಲ್ ಎನ್ನುತ್ತಾರೆ. ಇದರಲ್ಲಿ ಎತ್ತರವನ್ನು ಉದ್ದಕ್ಕಿಂತ ಬಹಳ ಹಿಗ್ಗಿಸಿ ಬರೆದಿರುತ್ತಾರೆ, ಅದಕ್ಕೇ ಪ್ರತಿ ದಿಬ್ಬವೂ ಗೋಡೆಯಂತೆ ಕಾಣುತ್ತದೆ. ಚಿತ್ರದ ಆಕಾರ ಬಿಟ್ಟು ಅಂಕಿ ಓದಿ. ಬೆಟ್ಟಗಳಿಗೆ 4ರಿಂದ 1ರವರೆಗೆ ದರ್ಜೆ ಇದೆ, 4 ಸಣ್ಣದು, 1 ದೊಡ್ಡದು. ಅದಕ್ಕೂ ಮೀರಿದ್ದಕ್ಕೆ ಎಚ್‌ಸಿ. ಆಲ್ಪ್ ದುಯೆಜ್ ಎಚ್‌ಸಿ ದರ್ಜೆಯದು: 13.8 ಕಿ.ಮೀ., ಸರಾಸರಿ ಶೇಕಡಾ 8.1 (ನೂರು ಮೀಟರಿಗೆ 8.1 ಮೀಟರ್ ಏರು), ಎಣಿಸಿದರೆ 21 ತಿರುವು. ಆಮೇಲೆ ಒಟ್ಟು ಏರಿಕೆ ನೋಡಿ. 2025ರ ಟೂರ್‌ನ 18ನೇ ಸ್ಟೇಜ್ ಸುಮಾರು 171 ಕಿ.ಮೀ. ಉದ್ದಕ್ಕೆ 5,450 ಮೀಟರ್ ಏರಿ ಕೋಲ್ ದ ಲಾ ಲೋಜ್ ತುದಿಯಲ್ಲಿ ಮುಗಿಯಿತು. ಒಂದೇ ದಿನ ನಂದಿ ಬೆಟ್ಟವನ್ನು ಬುಡದಿಂದ ತುದಿಗೆ ಹತ್ತಕ್ಕೂ ಹೆಚ್ಚು ಸಲ ಹತ್ತಿದಷ್ಟು. ಬೆಂಗಳೂರಿನ ಸೈಕಲ್ ಸವಾರರಿಗೆ ಇದಕ್ಕಿಂತ ವಿವರಣೆ ಬೇಡ.

ಏರಿನ ಶೇಕಡಾವಾರು ಯಾಕೆ ಮುಖ್ಯ ಎಂದರೆ, ಗಾಳಿಯ ಮರೆಯ ಲಾಭ ಅದರ ಮೇಲೆ ನಿಂತಿದೆ. ಸಮತಟ್ಟಿನಲ್ಲಿ ಒಬ್ಬನ ಬೆನ್ನಿಗೆ ಅಂಟಿಕೊಂಡು ಹೋದರೆ ಸ್ಥೂಲವಾಗಿ ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ, ದೊಡ್ಡ ಗುಂಪಿನ ಹೊಟ್ಟೆಯೊಳಗೆ ಇನ್ನೂ ಹೆಚ್ಚು. ಏರು ಶೇಕಡಾ 4–5 ಇದ್ದರೂ ವೇಗ ಸಾಕಷ್ಟಿರುವುದರಿಂದ ಮರೆ ಕೆಲಸ ಮಾಡುತ್ತದೆ, ತಂಡದವರು ನಾಯಕನನ್ನು ಎಳೆದುಕೊಂಡು ಹೋಗಬಲ್ಲರು, ದಾಳಿ ಮಾಡಿದವನು ಉಳಿಯುವುದು ಕಷ್ಟ. ಶೇಕಡಾ 9–10 ದಾಟಿದರೆ ವೇಗ ಕುಸಿದು ಮರೆಯ ಲಾಭ ಕರಗುತ್ತದೆ, ಕಾಲಿನ ಬಲವೊಂದೇ ಉಳಿಯುತ್ತದೆ. ಆದ್ದರಿಂದ ಪ್ರೊಫೈಲಿನಲ್ಲಿ ಅತಿ ಎತ್ತರದ ಬೆಟ್ಟ ಯಾವುದು ಎಂದು ಹುಡುಕಬೇಡಿ. ಕೊನೆಯ ಬೆಟ್ಟದಲ್ಲಿ ಕಡಿದಾದ ಎರಡು ಮೂರು ಕಿಲೋಮೀಟರ್ ಎಲ್ಲಿದೆ, ಅಲ್ಲಿಂದ ಗುರಿಗೆ ಎಷ್ಟು ದೂರ, ನಡುವೆ ಇಳಿಜಾರೋ ಕಣಿವೆಯೋ, ಇದನ್ನು ಗುರುತು ಹಾಕಿ. ಉದ್ದ ಕಣಿವೆ ಇದ್ದರೆ ಒಂಟಿ ಸವಾರನಿಗೆ ಕಷ್ಟ, ಹಿಂದಿನ ಗುಂಪಿಗೆ ಅನುಕೂಲ.

ಹಂತ 5: ರೇಸ್ ನಡೆಯುವಾಗ ಎಲ್ಲಿ ನೋಡಬೇಕು

ಕಚೇರಿಯಿಂದ ಬಂದವರಿಗೆ ಪೂರ್ತಿ ಸ್ಟೇಜ್ ನೋಡಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಸಮತಟ್ಟಿನ ದಿನ ಕೊನೆಯ 40 ನಿಮಿಷ, ಬೆಟ್ಟದ ದಿನ ಕೊನೆಯಿಂದ ಎರಡನೇ ಬೆಟ್ಟದ ಬುಡದಿಂದ, ಟೈಮ್ ಟ್ರಯಲ್ ದಿನ ಜಿಸಿಯ ಮೊದಲ ಹತ್ತು ಜನ ಹೊರಡುವ ಹೊತ್ತಿನಿಂದ ಕೂತರೆ ಸಾಕು. ಆದರೆ ದಿಬ್ಬದ ಸ್ಟೇಜ್‌ಗಳಲ್ಲಿ, ಅದರಲ್ಲೂ ಎರಡು ಮತ್ತು ಮೂರನೇ ವಾರದಲ್ಲಿ, ಮೊದಲ ಗಂಟೆಯೇ ಅತ್ಯಂತ ಚೆಂದ. ಮುನ್ನುಗ್ಗುವ ಗುಂಪಿನೊಳಗೆ ಜಾಗ ಹಿಡಿಯಲು ಅರ್ಧ ರೇಸೇ ಬಡಿದಾಡುತ್ತಿರುತ್ತದೆ. ಶನಿವಾರ, ಭಾನುವಾರಗಳಲ್ಲಿ ಇಂಥ ಸ್ಟೇಜ್ ಬಂದರೆ ಮೊದಲಿನಿಂದ ನೋಡಿ.

ಪರದೆಯ ಮೇಲೆ ಮೂರು ಮಾತು ಬರುತ್ತಿರುತ್ತವೆ: ಟೆಟ್ ದ ಲಾ ಕೂರ್ಸ್ ಎಂದರೆ ಎಲ್ಲರಿಗಿಂತ ಮುಂದಿರುವವರು, ಪೂರ್ಸ್ವಿವಾಂ ಎಂದರೆ ಅವರನ್ನು ಬೆನ್ನಟ್ಟುವ ಸಣ್ಣ ಗುಂಪು, ಪೆಲೊಟಾನ್ ಎಂದರೆ ಮುಖ್ಯ ಗುಂಪು. ಮುಂದಿರುವವರು ಸಿಕ್ಕಿಬೀಳುತ್ತಾರೋ ಇಲ್ಲವೋ ಎನ್ನಲು ಹಳೆಯ ಸೂತ್ರವೊಂದಿದೆ. ಪೆಲೊಟಾನ್ ಮನಸ್ಸು ಮಾಡಿದರೆ ಪ್ರತಿ 10 ಕಿ.ಮೀ.ಗೆ ಒಂದು ನಿಮಿಷ ಮುಚ್ಚಬಲ್ಲದು. 40 ಕಿ.ಮೀ. ಉಳಿದಿರುವಾಗ ಅಂತರ ಮೂರು ನಿಮಿಷವಿದ್ದರೆ ಸಿಕ್ಕಿಬೀಳುವ ಸಂಭವ ಹೆಚ್ಚು, ಐದು ನಿಮಿಷವಿದ್ದರೆ ಮುಂದಿನವರಿಗೆ ಗೆಲುವಿನ ಆಸೆ ಇದೆ. ಇದು ಸಮತಟ್ಟಿಗೆ ಮಾತ್ರ, ಅದೂ ಪೆಲೊಟಾನ್ ಮನಸ್ಸು ಮಾಡಿದಾಗ.

ಮನಸ್ಸು ಮಾಡಿದೆಯೇ ಎಂದು ತಿಳಿಯುವುದು ಹೇಗೆ? ಪೆಲೊಟಾನಿನ ಮೂತಿ ನೋಡಿ. ಮುಂದೆ ಯಾವ ಬಣ್ಣದ ಜೆರ್ಸಿ ಎಳೆಯುತ್ತಿದೆ ಎಂಬುದರಲ್ಲಿ ಅರ್ಧ ರೇಸಿನ ಕತೆ ಇರುತ್ತದೆ. ಒಳ್ಳೆಯ ಸ್ಪ್ರಿಂಟರ್ ಇರುವ ತಂಡ ಎಳೆಯುತ್ತಿದ್ದರೆ ಅದಕ್ಕೆ ಸ್ಟೇಜ್ ಬೇಕು. ಹಳದಿಯ ತಂಡವೊಂದೇ ಎಳೆಯುತ್ತಿದ್ದರೆ ಮುಂದೆ ಹೋದವರಲ್ಲಿ ಜಿಸಿಗೆ ಅಪಾಯಕಾರಿಯಾದ ಒಬ್ಬನಿದ್ದಾನೆ. ಉದಾಹರಣೆಗೆ ನಾಲ್ಕು ನಿಮಿಷ ಹಿಂದಿರುವವನು ಐದು ನಿಮಿಷದ ಅಂತರ ಗಳಿಸಿದರೆ ಆ ಕ್ಷಣಕ್ಕೆ ರಸ್ತೆಯ ಮೇಲೆ ಅವನೇ ನಾಯಕ. ಯಾರೂ ಎಳೆಯದೆ ರಸ್ತೆ ತುಂಬ ಹರಡಿಕೊಂಡು ಮಾತಾಡುತ್ತಾ ಹೋಗುತ್ತಿದ್ದರೆ ಇವತ್ತಿನ ಸ್ಟೇಜನ್ನು ಬಿಟ್ಟುಕೊಟ್ಟಿದ್ದಾರೆ. ಮುಂದಿನ ಗುಂಪಿನಲ್ಲಿ ಸ್ವಂತ ತಂಡದವನಿದ್ದರೆ ಯಾರೂ ಹಿಂದಿನಿಂದ ಎಳೆಯುವುದಿಲ್ಲ, ಇದನ್ನೂ ನೆನಪಿಡಿ.

ಗಾಳಿಯ ದಿನಗಳನ್ನು ಯಾರೂ ಲಘುವಾಗಿ ತೆಗೆದುಕೊಳ್ಳಬಾರದು. ಪಕ್ಕದಿಂದ ಬೀಸುವ ಗಾಳಿಗೆ ಸವಾರರು ಓರೆ ಸಾಲು ಕಟ್ಟುತ್ತಾರೆ, ಅದಕ್ಕೆ ಎಷೆಲಾನ್ ಎನ್ನುತ್ತಾರೆ. ಗಾಳಿ ಎಡದಿಂದ ಬಂದರೆ ಮೊದಲನೆಯವನು ರಸ್ತೆಯ ಎಡ ಅಂಚಿಗೆ, ಉಳಿದವರು ಅವನ ಬಲಹಿಂದೆ ಒಬ್ಬೊಬ್ಬರಾಗಿ. ರಸ್ತೆಯ ಅಗಲ ಮುಗಿಯುವಷ್ಟು ಜನರಿಗೆ ಮಾತ್ರ ಮರೆ ಸಿಗುತ್ತದೆ, ಉಳಿದವರು ಬಲ ಅಂಚಿನಲ್ಲಿ ಒಂದೇ ಗೆರೆಯಾಗಿ ಗಾಳಿ ತಿನ್ನುತ್ತಾರೆ. ಅಲ್ಲಿ ಒಬ್ಬ ಸೋತರೆ ಅವನ ಹಿಂದಿದ್ದವರೆಲ್ಲ ಕಳಚಿಕೊಳ್ಳುತ್ತಾರೆ. ಬಯಲಿನಲ್ಲಿ ದಾರಿ ದಿಕ್ಕು ಬದಲಿಸುವ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ಹವಾಮಾನದ ಆ್ಯಪಿನಲ್ಲಿ ಗಾಳಿಯ ದಿಕ್ಕು ನೋಡಿಟ್ಟುಕೊಳ್ಳಿ. ಬೆಟ್ಟವೇ ಇಲ್ಲದ ದಿನ ಜಿಸಿ ನಾಯಕ ನಿಮಿಷ ಕಳೆದುಕೊಳ್ಳುವುದು ಹೀಗೆ.

ಸ್ಪ್ರಿಂಟ್ ನೋಡುವ ಕ್ರಮ ಬೇರೆ. ಕೊನೆಯ ಮೂರು ಕಿಲೋಮೀಟರಿನಲ್ಲಿ ಯಾವ ತಂಡಕ್ಕೆ ಎಷ್ಟು ಜನ ಉಳಿದಿದ್ದಾರೆ ಎಣಿಸಿ. ಒಂದು ಕಿಲೋಮೀಟರ್ ಉಳಿದಿದೆ ಎನ್ನಲು ಕೆಂಪು ಬಾವುಟದ ಕಮಾನು ಇರುತ್ತದೆ. ಅಲ್ಲಿ ಸ್ಪ್ರಿಂಟರಿನ ಮುಂದೆ ಇಬ್ಬರು ಸಹಾಯಕರಿದ್ದರೆ ಸ್ಥಿತಿ ಚೆನ್ನಾಗಿದೆ. ಕೊನೆಯ ಸಹಾಯಕ 200 ಮೀಟರ್ ಹತ್ತಿರ ಪಕ್ಕಕ್ಕೆ ಸರಿಯುತ್ತಾನೆ. ಅದಕ್ಕಿಂತ ಮುಂಚೆಯೇ ಗಾಳಿಗೆ ಬಿದ್ದವನು ಗೆರೆಯ ಹತ್ತಿರ ಸೋಲುವುದೇ ಹೆಚ್ಚು.

ಹಂತ 6: ಬೆಟ್ಟದ ದಿನ, ಒಂದು ಪಾಠ

ಬೆಟ್ಟದ ದಿನ ನಾಯಕನಿಗಿಂತ ಅವನ ಸುತ್ತ ಉಳಿದ ಸಹಾಯಕರನ್ನು ಎಣಿಸುವುದು ಮುಖ್ಯ. ಇವರನ್ನು ಡೊಮೆಸ್ಟಿಕ್ ಎನ್ನುತ್ತಾರೆ. ನೀರು ತರುವುದು, ಗಾಳಿ ತಡೆಯುವುದು, ಬೇಕಾದರೆ ತನ್ನ ಚಕ್ರವನ್ನೇ ಬಿಚ್ಚಿಕೊಡುವುದು ಅವರ ಕೆಲಸ. ತಂಡಗಳು ಒಬ್ಬಿಬ್ಬರನ್ನು ಬೆಳಗ್ಗೆಯೇ ಮುಂದಿನ ಗುಂಪಿಗೆ ಕಳಿಸಿರುತ್ತವೆ. ಅವನು ಅಲ್ಲಿ ಸ್ಟೇಜ್ ಗೆಲ್ಲಲು ಹೋದವನಲ್ಲ, ಆಮೇಲೆ ಬರುವ ನಾಯಕನಿಗಾಗಿ ಕಾಯಲು ಹೋದವನು.

2025ರ ಜೀರೊದ 20ನೇ ಸ್ಟೇಜ್ ಇದಕ್ಕೆ ಅತ್ಯುತ್ತಮ ಪಾಠ, ಹೈಲೈಟ್ಸ್ ಹುಡುಕಿ ನೋಡಿ. ನಾಯಕನ ಗುಲಾಬಿ ಜೆರ್ಸಿ ಮೆಕ್ಸಿಕೊದ ಇಸಾಕ್ ಡೆಲ್ ಟೋರೊ ಮೈಮೇಲಿತ್ತು. ಈಕ್ವೆಡಾರಿನ ರಿಚರ್ಡ್ ಕರಪಾಸ್ 43 ಸೆಕೆಂಡ್ ಹಿಂದೆ, ಬ್ರಿಟನ್ನಿನ ಸೈಮನ್ ಯೇಟ್ಸ್ 1 ನಿಮಿಷ 21 ಸೆಕೆಂಡ್ ಹಿಂದೆ. ಕೊನೆಯ ದೊಡ್ಡ ಬೆಟ್ಟ ಕೊಲ್ಲೆ ದೆಲ್ಲೆ ಫಿನೆಸ್ತ್ರೆ, ಮೇಲಿನ ಭಾಗ ಮಣ್ಣುಹಾದಿ. ಯೇಟ್ಸ್ ಆ ಏರಿನಲ್ಲಿ ಕಳಚಿಕೊಂಡು ಮುಂದೆ ಹೋದರು. ಡೆಲ್ ಟೋರೊ ಮತ್ತು ಕರಪಾಸ್ ಒಬ್ಬರನ್ನೊಬ್ಬರು ಕಾಯುತ್ತಾ ಉಳಿದರು. ಬೆನ್ನಟ್ಟಿ ದಣಿದರೆ ಪಕ್ಕದವನು ಲಾಭ ಮಾಡಿಕೊಳ್ಳುತ್ತಾನೆ ಎಂಬ ಭಯ ಇಬ್ಬರಿಗೂ. ಬೆಟ್ಟದಾಚೆಯ ಕಣಿವೆಯಲ್ಲಿ ಒಂಟಿ ಯೇಟ್ಸ್ ಸಿಕ್ಕಿಬೀಳಬೇಕಿತ್ತು. ಆದರೆ ಅಲ್ಲಿ ಅವರ ತಂಡದ ವೌಟ್ ವಾನ್ ಆರ್ಟ್ ಮುಂದಿನ ಗುಂಪಿನಿಂದ ಹಿಂದುಳಿದು ಕಾಯುತ್ತಿದ್ದರು, ಯೇಟ್ಸ್ ಅವರನ್ನು ಗಾಳಿಮರೆಯಲ್ಲಿ ಎಳೆದುಕೊಂಡು ಹೋದರು. ಅಂತರ ಬೆಳೆಯುತ್ತಲೇ ಹೋಯಿತು. ಯೇಟ್ಸ್ ಜೀರೊ ಗೆದ್ದರು. ಸ್ಟೇಜ್ ಗೆದ್ದವನು ಬೇರೆಯವನು, ಆ ದಿನ ಅದು ಯಾರಿಗೂ ಮುಖ್ಯವಾಗಿ ಕಾಣಲಿಲ್ಲ.

ಇಂಥದನ್ನು ಮುಂಚೆಯೇ ಊಹಿಸಬೇಕಾದರೆ ಎರಡು ಅಂಶ ಬರೆದಿಟ್ಟುಕೊಳ್ಳಿ. ಮುಂದಿನ ಗುಂಪಿನಲ್ಲಿ ಯಾವ ಜಿಸಿ ನಾಯಕನ ತಂಡದವರು ಇದ್ದಾರೆ? ಹಿಂದೆ ಉಳಿಯಬಹುದಾದ ಇಬ್ಬರ ನಡುವೆ ಯಾರಿಗೆ ಕಳೆದುಕೊಳ್ಳುವುದು ಹೆಚ್ಚು?

ಜೆರ್ಸಿಗಳ ಮಾತು ಚಿಕ್ಕದಾಗಿ

ಟೂರ್‌ನಲ್ಲಿ ಹಸಿರು ಪಾಯಿಂಟಿನದು: ಸಮತಟ್ಟಿನ ಸ್ಟೇಜ್ ಗೆದ್ದವನಿಗೆ 50, ದೊಡ್ಡ ಬೆಟ್ಟದ ಸ್ಟೇಜ್ ಗೆದ್ದವನಿಗೆ 20, ಹಾಗಾಗಿ ಇದು ಬಹುತೇಕ ಸ್ಪ್ರಿಂಟರ್‌ಗಳ ಜೆರ್ಸಿ. ಬಿಳಿಯ ಮೇಲೆ ಕೆಂಪು ಚುಕ್ಕೆಯದು ಬೆಟ್ಟಗಳ ರಾಜನಿಗೆ, ಎಚ್‌ಸಿ ಬೆಟ್ಟದ ನೆತ್ತಿಗೆ ಮೊದಲು ಬಂದವನಿಗೆ 20, ಒಂದನೇ ದರ್ಜೆಗೆ 10. ಬಿಳಿಯದು 26 ತುಂಬದ ಕಿರಿಯರಲ್ಲಿ ಜಿಸಿ ಮುಂದಿರುವವನಿಗೆ. ಒಬ್ಬನೇ ಎರಡರಲ್ಲಿ ಮುಂದಿದ್ದರೆ ಮೇಲಿನ ಜೆರ್ಸಿ ತೊಡುತ್ತಾನೆ, ಇನ್ನೊಂದನ್ನು ಎರಡನೇ ಸ್ಥಾನದವನಿಗೆ ತೊಡಿಸುತ್ತಾರೆ. ಬಿಳಿ ತೊಟ್ಟವನು ಬಿಳಿಯ ನಾಯಕ ಆಗಿರಲೇಬೇಕೆಂದಿಲ್ಲ. 2020ರಲ್ಲಿ ತಾದೆಯ್ ಪೊಗಾಚರ್ ಹಳದಿ, ಚುಕ್ಕೆ, ಬಿಳಿ ಮೂರನ್ನೂ ಗೆದ್ದರು. ಅದೂ ಕೊನೆಯಿಂದ ಎರಡನೇ ದಿನದ ಟೈಮ್ ಟ್ರಯಲ್‌ಗೆ 57 ಸೆಕೆಂಡ್ ಹಿಂದೆ ಇದ್ದು ಹೊರಟವರು, ಟೂರನ್ನು 59 ಸೆಕೆಂಡಿನಲ್ಲಿ ಗೆದ್ದರು. ಜೀರೊದಲ್ಲಿ ನಾಯಕನಿಗೆ ಗುಲಾಬಿ, ವುಯೆಲ್ಟಾದಲ್ಲಿ ಕೆಂಪು.

ಹಳೆಯ ವಿಜೇತರ ಪಟ್ಟಿ ತೆರೆದರೆ 1999ರಿಂದ 2005ರವರೆಗೆ ಟೂರ್‌ನ ಜಾಗ ಖಾಲಿ ಕಾಣುತ್ತದೆ. ಉದ್ದೀಪನ ಮದ್ದಿನ ಕಾರಣಕ್ಕೆ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ ಏಳೂ ಗೆಲುವುಗಳನ್ನು 2012ರಲ್ಲಿ ರದ್ದು ಮಾಡಿದರು, ಆ ಪಟ್ಟವನ್ನು ಬೇರೆ ಯಾರಿಗೂ ಕೊಡಲಿಲ್ಲ.

ಎಲ್ಲಿ ಕೈಕೊಡುತ್ತದೆ

ಅಂತರದ ಅಂಕಿ ಒಮ್ಮೆಲೇ ಅರ್ಧ ನಿಮಿಷ ಜಿಗಿದರೆ ನಂಬಬೇಡಿ. ಬೆಟ್ಟದ ತಿರುವುಗಳಲ್ಲಿ ಜಿಪಿಎಸ್ ತಪ್ಪುತ್ತದೆ. ಮುಂದಿನವನು ದಾಟಿದ ಒಂದು ಬೋರ್ಡನ್ನೋ ಸೇತುವೆಯನ್ನೋ ಗುರುತಿಟ್ಟುಕೊಂಡು ಫೋನಿನ ಸ್ಟಾಪ್‌ವಾಚ್ ಒತ್ತಿ, ಹಿಂದಿನವನು ಅಲ್ಲಿಗೆ ಬಂದಾಗ ನಿಲ್ಲಿಸಿ. ಎರಡೂ ಚಿತ್ರ ನೇರಪ್ರಸಾರದ್ದಾಗಿದ್ದರೆ ಈ ಲೆಕ್ಕವೇ ಹೆಚ್ಚು ಸರಿ.

ಸ್ಟ್ರೀಮಿಂಗ್ ಅರ್ಧ ನಿಮಿಷದಿಂದ ಒಂದು ನಿಮಿಷ ತಡವಾಗಿ ಬರುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಬೇಗ ನೋಡಿ ಫಲಿತಾಂಶ ಹಾಕಿಬಿಡುತ್ತಾರೆ, ಕೊನೆಯ ಹತ್ತು ಕಿಲೋಮೀಟರಿಗೆ ನೋಟಿಫಿಕೇಶನ್ ಬಂದ್ ಮಾಡಿ. ತಡವಾಗಿ ನೋಡುವವರಿಗೆ ಯೂಟ್ಯೂಬಿನ ಚಿಕ್ಕ ಚಿತ್ರವೇ ಶತ್ರು. ಅದರಲ್ಲೇ ವಿಜೇತ ಕೈ ಎತ್ತಿರುತ್ತಾನೆ, ಹುಡುಕುವ ಕೆಲಸವನ್ನು ಮನೆಯವರಿಂದ ಮಾಡಿಸಿ.

ಜೋರು ಮಳೆ ಮೋಡದಲ್ಲಿ ಚಿತ್ರ ಹೋಗುವುದು ನಿಮ್ಮ ಇಂಟರ್ನೆಟ್ ತಪ್ಪಲ್ಲ. ಮೋಟರ್‌ಬೈಕ್ ಕ್ಯಾಮೆರಾದ ಸಂಕೇತವನ್ನು ಮೇಲೆ ಹಾರುವ ವಿಮಾನ, ಹೆಲಿಕಾಪ್ಟರ್‌ಗಳು ದಾಟಿಸುತ್ತವೆ, ಅವು ಹಾರದಿದ್ದರೆ ಚಿತ್ರವಿಲ್ಲ. ಅಂಥ ಹೊತ್ತಿಗೆ ಅಧಿಕೃತ ಜಾಲತಾಣದ ಅಕ್ಷರ ವರದಿ ತೆರೆದಿಟ್ಟುಕೊಳ್ಳಿ. ಕೆಲವೊಮ್ಮೆ ಸ್ಟೇಜೇ ಮೊಟಕಾಗುತ್ತದೆ. 2019ರ ಟೂರ್‌ನ 19ನೇ ಸ್ಟೇಜಿನಲ್ಲಿ ಆಲಿಕಲ್ಲು ಮಳೆ, ಮಣ್ಣುಕುಸಿತದಿಂದ ಮುಂದಿನ ದಾರಿ ಮುಚ್ಚಿತು. ಇಜೆರಾನ್ ಬೆಟ್ಟದ ನೆತ್ತಿಯಲ್ಲಿನ ಸಮಯವನ್ನೇ ಲೆಕ್ಕಕ್ಕೆ ತೆಗೆದುಕೊಂಡರು, ಕೊಲಂಬಿಯಾದ ಎಗಾನ್ ಬೆರ್ನಾಲ್‌ಗೆ ಹಳದಿ ಬಂತು.

ರಸ್ತೆ ಬದಿಗೆ ನಿಂತು ನೋಡುವುದಾದರೆ

ಪೆಲೊಟಾನ್ ಸದ್ದು ಪರದೆಯಲ್ಲಿ ಬರುವುದಿಲ್ಲ. ಅದನ್ನು ಒಮ್ಮೆ ಕೇಳಬೇಕು. ಮೊದಲು ಊರಿನಲ್ಲೇ ಶುರುಮಾಡಿ: ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್ ಹೆಸರಿನ ಹವ್ಯಾಸಿ ರೇಸ್ ಸರಣಿ ನಗರದ ಹೊರವಲಯದಲ್ಲಿ ನಡೆಯುತ್ತದೆ. ಬೆಳಗಿನ ಜಾವ ಹೋಗಿ ತಿರುವಿನ ಹತ್ತಿರ ನಿಂತರೆ ಗುಂಪು ಹೇಗೆ ಹಿಗ್ಗಿ ಕುಗ್ಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ವಿಜಯಪುರ, ಬಾಗಲಕೋಟೆ ಕಡೆ ನೆಂಟರಿದ್ದರೆ ಅಲ್ಲಿನ ರೋಡ್ ರೇಸ್‌ಗಳನ್ನೂ ವಿಚಾರಿಸಿ, ರಾಜ್ಯದ ಎಷ್ಟೋ ಒಳ್ಳೆಯ ಸವಾರರು ಆ ಭಾಗದವರು. ಅಂತರರಾಷ್ಟ್ರೀಯ ತಂಡಗಳನ್ನು ನೋಡಬೇಕೆಂದರೆ 2026ರ ಜನವರಿಯಲ್ಲಿ ಶುರುವಾದ ಪುಣೆ ಗ್ರ್ಯಾಂಡ್ ಟೂರ್ ಇದೆ, ವಿಶ್ವ ಸೈಕ್ಲಿಂಗ್ ಸಂಸ್ಥೆ ಯುಸಿಐಯ 2.2 ದರ್ಜೆಯದು. ಅಲ್ಲಿ 2 ಎಂದರೆ ಸ್ಟೇಜ್ ರೇಸ್, ಚುಕ್ಕೆಯ ನಂತರದ ಅಂಕಿ ಮಟ್ಟ. ಪುಣೆಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ, ರಾತ್ರಿ ಬಸ್ಸುಗಳೂ ಇವೆ.

ಫ್ರಾನ್ಸಿಗೇ ಹೋಗುವ ಮನಸ್ಸಿದ್ದರೆ ಹಿಂದಿನ ಅಕ್ಟೋಬರಿನಿಂದಲೇ ಕೆಲಸ ಶುರು. ಟೂರ್ ದಾರಿ ಪ್ರಕಟವಾಗುವುದು ಆ ತಿಂಗಳಲ್ಲಿ, ಬೆಟ್ಟದ ಬುಡದ ಊರುಗಳ ಕೋಣೆಗಳು ಬೇಗ ತುಂಬುತ್ತವೆ. ಬೆಟ್ಟದ ಊರಿನಲ್ಲಿ ಸಿಗದಿದ್ದರೆ ಆಲ್ಪ್ಸ್‌ಗೆ ಗ್ರೆನೋಬಲ್, ಪಿರನೀಸ್‌ಗೆ ಪೋ ಊರನ್ನು ನೆಲೆ ಮಾಡಿಕೊಳ್ಳಿ, ಎರಡಕ್ಕೂ ಪ್ಯಾರಿಸ್‌ನಿಂದ ರೈಲಿದೆ. ಶೆಂಗೆನ್ ವೀಸಾ (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು, ಕೊನೆಯ ಗಡುವು 15 ದಿನ ಮುಂಚೆ. ಆದರೆ ಬೇಸಿಗೆ ರಜೆಯ ನೂಕುನುಗ್ಗಲಿನಲ್ಲಿ ಅಪಾಯಿಂಟ್‌ಮೆಂಟೇ ಸಿಗದಿರುವುದರಿಂದ ಏಪ್ರಿಲ್ ದಾಟಿಸಬೇಡಿ. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೊ, ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ಟೂರ್ ಬೇರೆ ಶೆಂಗೆನ್ ದೇಶದಲ್ಲಿ ಶುರುವಾಗುವ ವರ್ಷ ಎರಡೂ ಕಡೆ ಹೋಗುವುದಿದ್ದರೆ ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ ಹಾಕಬೇಕು, ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ.

ಎಲ್ಲಿ ನಿಲ್ಲಬೇಕು? ಸಮತಟ್ಟಿನಲ್ಲಿ ಬೇಡ, ಗಂಟೆಗೆ 45–50 ಕಿ.ಮೀ. ವೇಗದ ಗುಂಪು ಕಣ್ಣು ಮಿಟುಕಿಸುವುದರಲ್ಲಿ ಹೋಗಿಬಿಡುತ್ತದೆ. ಕೊನೆಯ ಬೆಟ್ಟದಲ್ಲಿ ಗುರಿಗೆ ನಾಲ್ಕೈದು ಕಿಲೋಮೀಟರ್ ಇರುವ ಕಡಿದಾದ ತಿರುವು ಒಳ್ಳೆಯದು. ಅಲ್ಲಿ ವೇಗ ಇಪ್ಪತ್ತರ ಆಸುಪಾಸು, ಗುಂಪು ಒಡೆದಿರುವುದರಿಂದ ಮೊದಲನೆಯವನಿಂದ ಕೊನೆಯವನವರೆಗೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಸವಾರರು ಬರುತ್ತಲೇ ಇರುತ್ತಾರೆ. ಎಲ್ಲರ ಮುಖ ನೋಡಬೇಕೆಂದರೆ ಟೈಮ್ ಟ್ರಯಲ್‌ಗೆ ಹೋಗಿ. ಬೆಟ್ಟದ ರಸ್ತೆ ವಾಹನಗಳಿಗೆ ಬೆಳಗ್ಗೆಯೇ, ಕೆಲವೊಮ್ಮೆ ಹಿಂದಿನ ದಿನವೇ ಮುಚ್ಚುತ್ತದೆ. ನಡೆದೇ ಹತ್ತುವ ಲೆಕ್ಕ ಹಾಕಿ, ಒಬ್ಬರಿಗೆ ಕನಿಷ್ಠ 3 ಲೀಟರ್ ನೀರು, ಊಟ, ಟೋಪಿ, ಮಳೆಕೋಟು, ಒಂದು ಸ್ವೆಟರ್ ಹೊತ್ತುಕೊಳ್ಳಿ. ಎರಡು ಸಾವಿರ ಮೀಟರ್ ಎತ್ತರದಲ್ಲಿ ಮಧ್ಯಾಹ್ನ ಸುಡುತ್ತದೆ, ಮೋಡ ಬಂದ ಹತ್ತೇ ನಿಮಿಷಕ್ಕೆ ನಡುಗಿಸುತ್ತದೆ. ಸವಾರರಿಗಿಂತ ಸುಮಾರು ಎರಡು ಗಂಟೆ ಮುಂಚೆ ಜಾಹೀರಾತು ವಾಹನಗಳ ಮೆರವಣಿಗೆ ಬಂದು ಟೋಪಿ, ಬಿಸ್ಕತ್ತು ಎಸೆಯುತ್ತದೆ. ರಸ್ತೆಗೆ ಬಿದ್ದದ್ದನ್ನು ಹೆಕ್ಕಲು ಓಡಬೇಡಿ, ಮಕ್ಕಳ ಕೈ ಬಿಡಬೇಡಿ.

ಸವಾರರು ಬಂದಾಗ ಬಿಳಿ ಗೆರೆಯ ಹಿಂದೆ ನಿಲ್ಲಿ. ಪಕ್ಕದಲ್ಲಿ ಓಡುವುದು, ಹೊಗೆಬತ್ತಿ ಹಚ್ಚುವುದು, ಸೆಲ್ಫಿಗಾಗಿ ರಸ್ತೆಗೆ ಬೆನ್ನು ಮಾಡುವುದು ಬೇಡವೇ ಬೇಡ. 2021ರ ಟೂರ್‌ನ ಮೊದಲ ದಿನವೇ ಕ್ಯಾಮೆರಾ ಕಡೆ ಮುಖಮಾಡಿ ರಟ್ಟಿನ ಫಲಕ ಹಿಡಿದ ಒಬ್ಬ ಪ್ರೇಕ್ಷಕಿಯಿಂದ ಹತ್ತಾರು ಸವಾರರು ಒಬ್ಬರ ಮೇಲೊಬ್ಬರು ಬಿದ್ದರು. ಕನ್ನಡ ಬಾವುಟ ಒಯ್ಯುವವರು ಅದನ್ನು ರಸ್ತೆಯ ಮೇಲೆ ಚಾಚದೆ ಎದೆಗೆ ಹಿಡಿದುಕೊಳ್ಳಿ. ಗಾಳಿಗೆ ಹಾರಿದ ಬಟ್ಟೆಯ ತುದಿ ಹ್ಯಾಂಡಲ್‌ಬಾರಿಗೆ ಸಿಕ್ಕಿದರೆ ಸವಾರ ನೆಲಕ್ಕೆ ಬೀಳುತ್ತಾನೆ. ಮೊದಲ ಗುಂಪು ಹೋದ ಕೂಡಲೇ ಇಳಿಯಲೂ ಬೇಡಿ. ಹಿಂದೆ ಗ್ರುಪೆಟ್ಟೊ ಬರುವುದಿರುತ್ತದೆ, ಎಲ್ಲಕ್ಕಿಂತ ಕೊನೆಗೆ ರೇಸ್ ಮುಗಿಯಿತೆಂದು ಸಾರುವ ವಾಹನ. ಅದು ದಾಟಿ ಪೊಲೀಸರು ದಾರಿ ಬಿಟ್ಟ ಮೇಲೆಯೇ ರಸ್ತೆಗೆ ಕಾಲಿಡಿ.